ಕಾಣೆಯಾದ ತೂತುಗಳ ಬೆನ್ನು ಹತ್ತಿ

ಚಿಪ್‌ನ ಒಂದು ಪದರದಿಂದ ಇನ್ನೊಂದಕ್ಕೆ ಕರೆಂಟ್ ಹರಿಯುವುದು ಸಣ್ಣ ಸಣ್ಣ ತೂತುಗಳ ಮೂಲಕ. ಒಂದು ಚಿಪ್‌ನಲ್ಲಿ ಅಂಥವು ಕೋಟಿಗಟ್ಟಲೆ. ನಮ್ಮ ವೇಫರ್‌ನಲ್ಲಿ (ಚಿಪ್‌ಗಳನ್ನು ಮೂಡಿಸುವ ಸಿಲಿಕಾನ್ ಬಿಲ್ಲೆ) ಅಲ್ಲೊಂದು ಇಲ್ಲೊಂದು ತೂತು ಬಿದ್ದೇ ಇರಲಿಲ್ಲ. ಅದಕ್ಕೆ ಕಾರಣ ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಮೊದಲು ಅನುಮಾನ ಹೋದದ್ದು ಮಾಸ್ಕ್ ಮೇಲೆ, ಅಂದರೆ ಬೆಳಕಿನಿಂದ ವೇಫರ್ ಮೇಲೆ ಮೂಡಿಸುವ ವಿನ್ಯಾಸದ ಅಚ್ಚಿನ ಮೇಲೆ. ಅದರಲ್ಲಿ ಧೂಳು ಕೂತಿದ್ದರೆ ವೇಫರ್‌ನ ಪ್ರತಿ ಫೀಲ್ಡ್‌ನಲ್ಲೂ (ಆ ಅಚ್ಚು ಒಂದು ಸಲಕ್ಕೆ ಮೂಡುವ ಜಾಗ) ಅದೇ ಜಾಗದಲ್ಲಿ ತಪ್ಪು ಕಾಣಬೇಕು. ಎಲೆಕ್ಟ್ರಾನ್ ಕಿರಣದಲ್ಲಿ ತಪಾಸಣೆ ಮಾಡಿದರೆ ಹಾಗಿರಲಿಲ್ಲ. ಇಲ್ಲಿ ಕಂಡದ್ದು ಪಕ್ಕದ ಫೀಲ್ಡ್‌ನಲ್ಲಿಲ್ಲ. ವೇಫರ್ ಕಾಯಿಸುವ ಬೇಕಿಂಗ್‌ನ ಉಷ್ಣತೆ ಬದಲಿಸುತ್ತಾ ಎರಡು ವಾರ ಸುಮ್ನೆ ಕಳೆದೆ. ಆಮೇಲೆ ಬೆಳಕಿನ ಲೆಕ್ಕಕ್ಕೇ ಕೂತೆ.

ನಮ್ಮದು ಇಯುವಿ ಸ್ಕ್ಯಾನರ್, ಅಂದರೆ ತೀರಾ ಕಿರಿದಾದ ಅಲೆಯುದ್ದದ ಅತಿನೇರಳೆ ಬೆಳಕಿನಿಂದ ವೇಫರ್ ಮೇಲೆ ವಿನ್ಯಾಸ ಮೂಡಿಸುವ ಯಂತ್ರ. ಬೆಳಕಿನ ಅಲೆಯುದ್ದ 13.5 ನ್ಯಾನೋಮೀಟರ್, ಹಿಂದಿನ ಪೀಳಿಗೆಯದು 193. ಈ ಬೆಳಕು ಹುಟ್ಟುವ ಬಗೆಯೇ ವಿಚಿತ್ರ. ಕರಗಿದ ತವರದ ಹನಿಗಳು ಸೆಕೆಂಡಿಗೆ 50,000ದಂತೆ ಚಿಮ್ಮುತ್ತವೆ, ಒಂದೊಂದಕ್ಕೂ ಲೇಸರ್‌ನಿಂದ ಎರಡೆರಡು ಏಟು. ಮೊದಲ ಏಟಿಗೆ ಹನಿ ಬಿಲ್ಲೆಯಂತೆ ಚಪ್ಪಟೆ, ಎರಡನೆಯದಕ್ಕೆ ಪ್ಲಾಸ್ಮಾ. ಹುಟ್ಟಿದ ಬೆಳಕನ್ನು ಗಾಳಿ, ಗಾಜು ಎಲ್ಲವೂ ನುಂಗಿಬಿಡುತ್ತವೆ. ಅದಕ್ಕೇ ಒಳಗೆ ನಿರ್ವಾತ, ಅದಕ್ಕೇ ಲೆನ್ಸ್ ಬದಲು ಕನ್ನಡಿ. ಮಾಲಿಬ್ಡಿನಮ್, ಸಿಲಿಕಾನ್ ಪದರಗಳ ಆ ಕನ್ನಡಿ ಕೂಡ ನೂರಕ್ಕೆ ಎಪ್ಪತ್ತರಷ್ಟನ್ನೇ ಮರಳಿಸುವುದು. ಹತ್ತು ಹನ್ನೊಂದು ಕನ್ನಡಿ ದಾಟುವಷ್ಟರಲ್ಲಿ ಉಳಿಯುವುದು ನೂರರಲ್ಲಿ ಎರಡು-ಮೂರು ಪಾಲು.

ಸಾಲದ್ದಕ್ಕೆ, ಇಯುವಿ ಫೋಟಾನ್ (ಬೆಳಕಿನ ಕಣ) ಒಂದೊಂದೂ ಹಳೆಯದಕ್ಕಿಂತ ಹದಿನಾಲ್ಕು ಪಟ್ಟು ಶಕ್ತಿ ಹೊತ್ತಿರುತ್ತದೆ. ಅಂದರೆ ಅಷ್ಟೇ ಡೋಸ್‌ಗೆ (ವೇಫರ್ ಮೇಲೆ ಬೀಳುವ ಬೆಳಕಿನ ಶಕ್ತಿ) ಫೋಟಾನ್‌ಗಳು ಹದಿನಾಲ್ಕರಲ್ಲೊಂದು ಪಾಲು ಮಾತ್ರ! ಮಳೆ ಶುರುವಾದಾಗ ನೆಲ ನೋಡಿದ್ದೀರಿ ಅಲ್ವಾ? ಒಂದು ಕಡೆ ಮೂರು ಹನಿ, ಪಕ್ಕದಲ್ಲಿ ಒಂದೂ ಇಲ್ಲ. ನಮ್ಮ ತೂತುಗಳ ಪಾಡೂ ಅದೇ: ಸಾಕಷ್ಟು ಫೋಟಾನ್ ಬೀಳದ ಕಡೆ ತೂತೇ ಮೂಡುವುದಿಲ್ಲ.

ಒಂದೇ ವೇಫರ್ ಮೇಲೆ ಫೀಲ್ಡ್‌ನಿಂದ ಫೀಲ್ಡ್‌ಗೆ ಡೋಸ್ ಏರಿಸುತ್ತಾ ಹೋದೆ. ಸ್ವಲ್ಪ ಏರಿದರೂ ಸಾಕು, ತಪ್ಪುಗಳು ದಡದಡನೆ ಇಳಿದವು. ಆದರೆ ಡೋಸ್ ಜಾಸ್ತಿಯಾದರೆ ಸ್ಕ್ಯಾನರ್ ನಿಧಾನ, ಗಂಟೆಗೆ ಬರುವ ವೇಫರ್ ಕಡಿಮೆ. ಉತ್ಪಾದನೆಯವರು ಒಪ್ಪಲಿಲ್ಲ. ಅವರ ಮಾತಲ್ಲೂ ನ್ಯಾಯ ಇತ್ತು.

ಕೊನೆಗೆ ಡೋಸ್ ಒಂಚೂರೇ ಏರಿಸಿದೆವು. ಜೊತೆಗೆ ರೆಸಿಸ್ಟ್‌ನಲ್ಲಿ (ವೇಫರ್ ಮೇಲೆ ಬಳಿದ, ಬೆಳಕಿಗೆ ಬದಲಾಗುವ ಲೇಪ) ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಮೂಡಿಸಿ, ಎಚ್ಚಿಂಗ್‌ನಲ್ಲಿ (ಕೆಳಗಿನ ಪದರ ಕೊರೆಯುವ ಹಂತ) ಅಳತೆಗೆ ಕುಗ್ಗಿಸಿದೆವು. ದೊಡ್ಡ ತೂತಿಗೆ ಹೆಚ್ಚು ಫೋಟಾನ್ ಸಿಗುತ್ತದಲ್ಲ! ಇದಕ್ಕೆ ಹೊಸ ಮಾಸ್ಕ್ ಬೇಕಾಯಿತು. ಅದು ಬರುವವರೆಗೆ ನಿಧಾನವಾಗಿಯೇ ಓಡಿಸಿದೆವು. ಈಗ ತಪಾಸಣೆಯಲ್ಲಿ ನಾನು ಜಾಸ್ತಿ ಹುಡುಕುವುದು ಕಾಣೆಯಾದ ತೂತನ್ನಲ್ಲ, ದೊಡ್ಡದಾಗಿ ಪಕ್ಕದ್ದಕ್ಕೆ ಅಂಟಿಕೊಂಡ ತೂತನ್ನು.