ಅಡಿಲೇಡ್‌ನಲ್ಲಿ ಮದ್ದಳೆಗೆ ಒದ್ದೆ ಪಂಚೆ

ಶಿರಸಿ ಕಡೆ ಮಳೆಗಾಲದಲ್ಲಿ ತಾಳಮದ್ದಳೆ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ) ಇದ್ದರೆ ಮದ್ದಳೆ ನುಡಿಸುವ ನನ್ನ ಮೊದಲ ಕೆಲಸ ಮದ್ದಳೆಯನ್ನು ಬಚ್ಚಲ ಒಲೆಯ ಹತ್ತಿರ ಇಡುವುದು. ತೇವಕ್ಕೆ ಚರ್ಮದ ಮುಚ್ಚಿಗೆ ಸಡಿಲಾಗಿ ಶ್ರುತಿ ಇಳಿದಿರುತ್ತದೆ, ಸ್ವಲ್ಪ ಬಿಸಿ ತಾಗಿದರೆ ಮೇಲೆ ಬರುತ್ತದೆ. ಕಲಿತಾಗಿನಿಂದ ಇದೇ ರೂಢಿ. ಹಾಗಾಗಿ ಅದೇ ಮದ್ದಳೆಯನ್ನು ಒಂದು ದಿನ ಒದ್ದೆ ಪಂಚೆ ಸುತ್ತಿ ಮಲಗಿಸಬೇಕಾಗುತ್ತದೆ ಅಂತ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಯಕ್ಷಗಾನ ಆಡಲು ಹೋಗಿದ್ದು ಆಸ್ಟ್ರೇಲಿಯಾದ ಅಡಿಲೇಡ್ ಫ್ರಿಂಜ್ ಅನ್ನುವ ಕಲಾ ಉತ್ಸವಕ್ಕೆ. 1960ರಿಂದ ನಡೆದುಕೊಂಡು ಬಂದ ಉತ್ಸವ, ಫೆಬ್ರವರಿ-ಮಾರ್ಚ್‌ನಲ್ಲಿ ಆಗುತ್ತದೆ. ಅಂದರೆ ನಮ್ಮಲ್ಲಿ ಆಟದ ಸೀಸನ್ನು ಜೋರಾಗಿರುವಾಗಲೇ. ಕೈಯಲ್ಲಿದ್ದ ಆಟಗಳನ್ನು ಬಿಟ್ಟು ಹೋಗಬೇಕಾಯಿತು. ಊರಲ್ಲಿ ಎಲ್ಲರೂ 'ಅವರನ್ನು ಕರೆಸಿಕೊಂಡರಂತೆ' ಅಂದುಕೊಂಡಿದ್ದರು. ಅದು ಹಾಗಲ್ಲ. ಫ್ರಿಂಜ್‌ನಲ್ಲಿ ಯಾರು ಬೇಕಾದರೂ ಹೆಸರು ನೋಂದಾಯಿಸಬಹುದು, ಆಯ್ಕೆ ಸಮಿತಿ ಅಂತ ಇಲ್ಲ; ಜಾಗ ನೀವೇ ಹುಡುಕಬೇಕು, ಖರ್ಚು ನಿಮ್ಮದು, ಟಿಕೆಟ್ ಮಾರುವ ಚಿಂತೆಯೂ ನಿಮ್ಮದೇ. ಅಲ್ಲಿನ ಒಂದಿಷ್ಟು ಕನ್ನಡದವರು ಮನೆಯಲ್ಲಿ ಉಳಿಸಿಕೊಂಡು ಊಟ ಹಾಕದೇ ಇದ್ದಿದ್ದರೆ ನಮ್ಮ ಆರು ಜನರ ಪ್ರಯಾಣ ಕುಮಟಾ ದಾಟುತ್ತಿರಲಿಲ್ಲ.

ಏರ್‌ಪೋರ್ಟಿನ ಕಥೆ ಮೊದಲು. ಚರ್ಮದ ವಾದ್ಯ ಒಯ್ಯುವವರು ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಆಸ್ಟ್ರೇಲಿಯಾದಲ್ಲಿ ಇಳಿಯುವಾಗ ಕೊಡುವ ಕಾರ್ಡಿನಲ್ಲಿ ಚರ್ಮ, ಮರ, ತಿಂಡಿ ಎಲ್ಲ ಬರೆಯಬೇಕು. ಬರೆದರೆ ತೆಗೆದು ನೋಡುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ನಾನು ಎಲ್ಲ ಬರೆದೆ. ಒಬ್ಬ ಅಧಿಕಾರಿ ಕೈಗವಸು ಹಾಕಿಕೊಂಡು ಮದ್ದಳೆಯ ಬಾರುಗಳ ಸಂದಿಗೆಲ್ಲ ಟಾರ್ಚ್ ಬಿಟ್ಟು ಹುಳ ಹುಡುಕಿದರು. ಹೊರಡುವ ಮೊದಲು ಎರಡು ದಿನ ಕೂತು ಬ್ರಶ್‌ನಲ್ಲಿ ಸಂದಿಸಂದಿ ಉಜ್ಜಿದ್ದೆ, ಅದಕ್ಕೆ ಬಚಾವ್. ನಮ್ಮ ಚಂಡೆಯವರ ಕವಳದ ಚೀಲ ಮಾತ್ರ ಉಳಿಯಲಿಲ್ಲ. ವೀಳ್ಯದೆಲೆ ಕಸದ ಡಬ್ಬಿಗೆ ಬೀಳುವುದನ್ನು ಅವರು ನೋಡಿದ ರೀತಿ, ಅಯ್ಯೋ.

ಮೊದಲ ಆಟದ ದಿನ ಬಿಸಿಗಾಳಿ. ಅಲ್ಲಿ ಅದು ಉತ್ತರದ ಮರುಭೂಮಿ ಕಡೆಯಿಂದ ಬರುತ್ತದೆ, ಬೆವರು ಸಹ ನಿಲ್ಲುವುದಿಲ್ಲ, ಹಾಗೇ ಆರಿಹೋಗುತ್ತದೆ. ಕಾರವಾರದ ಸೆಕೆ ಗೊತ್ತಿದ್ದವರಿಗೆ ಇದು ಬೇರೆಯೇ ಜಾತಿ. ಹಾಡುವ ಭಾಗವತರ ಶ್ರುತಿ ಬಿಳಿ ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆ. ಬೆಳಿಗ್ಗೆ ಆ ಶ್ರುತಿಗೆ ಸೇರಿಸಿಟ್ಟಿದ್ದ ಮದ್ದಳೆ ಸಂಜೆ ತಟ್ಟಿ ನೋಡಿದರೆ ಮೇಲೆ ಹತ್ತಿ ಕೂತಿದೆ! ಸುತ್ತಿಗೆ ತಗೊಂಡು ಅಂಚನ್ನು ಕೆಳಗಿಂದ ಮೇಲಕ್ಕೆ ತಟ್ಟಿ ತಟ್ಟಿ ಇಳಿಸಿದೆ, ಹತ್ತು ನಿಮಿಷಕ್ಕೆ ಮತ್ತೆ ಏರಿತು. ಕೊನೆಗೆ ಎರಡನೇ ಮದ್ದಳೆ, ಊರಲ್ಲಿ ಶ್ರುತಿ ಸಾಲದು ಅಂತ ಮೂಲೆಗಿಟ್ಟಿದ್ದು, ಅದೇ ಅವತ್ತು ಸರಿಯಾಗಿ ಬಂತು. ಮರುದಿನದಿಂದ ಒದ್ದೆ ಪಂಚೆ ಹಿಂಡಿ ಚೀಲದೊಳಗೆ ಸುತ್ತಿಡಲು ಶುರು ಮಾಡಿದೆ. ಮುಚ್ಚಿಗೆಗೆ ನೇರ ತಾಗಿಸಬಾರದು, ಅದರ ನಡುವಿನ ಕಪ್ಪು ಲೇಪ, ಕರ್ಣೆ, ಹಾಳಾಗುತ್ತದೆ.

ಆಟ ಶೂರ್ಪನಖಿಯದು. ಭಾಷೆ ಗೊತ್ತಿಲ್ಲದವರಿಗೂ ಅರ್ಥವಾಗುತ್ತದೆ ಅಂತ ಆರಿಸಿದ್ದು. ಜಾಗದವರು ಕೊಟ್ಟಿದ್ದು ಒಂದೇ ಗಂಟೆ, ನಮ್ಮದು ಮುಗಿಯುವಷ್ಟರಲ್ಲಿ ಮುಂದಿನ ತಂಡ ಬಾಗಿಲಲ್ಲೇ ನಿಂತಿರುತ್ತದೆ. ಚೌಕಿ ಅಂತ ಇಲ್ಲವೇ ಇಲ್ಲ. ವೇಷ ಕಟ್ಟುವುದು ಮನೆಯಲ್ಲೇ, ಹಾಗಾಗಿ ಪೂರ್ತಿ ಬಣ್ಣ ಬಳಿದುಕೊಂಡ ಶೂರ್ಪನಖಿ ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಬರುತ್ತಿದ್ದಳು.

ಮೊದಲ ದಿನ ನಾವು ತಪ್ಪು ಮಾಡಿದೆವು. ಹೊತ್ತು ಸಾಲದು ಅಂತ ಎಲ್ಲವನ್ನೂ ದ್ರುತಕ್ಕೆ, ಅಂದರೆ ವೇಗದ ನಡೆಗೆ, ಏರಿಸಿದೆವು. ಜನ ಚಪ್ಪಾಳೆ ಏನೋ ಹೊಡೆದರು, ಆದರೆ ನನ್ನ ಬೆರಳಿಗೆ ಗೊತ್ತಾಗಿತ್ತು, ಒಂದು ನುಡಿತವೂ ನೆಲೆ ನಿಲ್ಲಲಿಲ್ಲ. ಮಾಯಾ ಶೂರ್ಪನಖಿ ಕಣ್ಣಲ್ಲಿ ರಾಮನನ್ನು ಅಳೆಯುವ ಜಾಗದಲ್ಲಿ ಮದ್ದಳೆಗೆ ಸ್ವಲ್ಪ ಬಿಡುವು ಬೇಕು, ಅದೇ ಇರಲಿಲ್ಲ. ರಾತ್ರಿ ಊಟ ಮಾಡುತ್ತ ಭಾಗವತರು ಹೇಳಿದರು: "ತಮಾ, ಗಡಿಬಿಡಿ ಮಾಡಡ. ಪದ್ಯ ಬಿಡನ, ಕಾಲ ಬಿಡದು ಬ್ಯಾಡ." ಆರು ಪದ್ಯ ತೆಗೆದೆವು. ಉಳಿದದ್ದನ್ನು ಊರಿನ ನಡೆಯಲ್ಲೇ ನುಡಿಸಿದೆವು. ಎರಡನೇ ದಿನ ಆ ಜಾಗದಲ್ಲಿ ಸಭೆ ಉಸಿರು ಹಿಡಿದಿದ್ದು ಹಿಂದೆ ಕೂತ ನಮಗೂ ಕೇಳಿಸಿತು. ಸಮಯ ಕಡಿಮೆ ಇದ್ದರೆ ಪದ್ಯ ಕಡಿಮೆ ಮಾಡಿ, ವೇಗ ಜಾಸ್ತಿ ಮಾಡಬೇಡಿ. ನಾನು ಇದನ್ನು ಯಾರ ಹತ್ತಿರವಾದರೂ ವಾದ ಮಾಡುತ್ತೇನೆ.

ಇನ್ನೊಂದು ಮರೆತೆ, ಮೈಕು. ಸೌಂಡಿನ ಹುಡುಗ ಮದ್ದಳೆಗೆ ಒಂದು, ಚಂಡೆಗೆ ಎರಡು ಮೈಕು ಇಟ್ಟಿದ್ದ. ಬೇಡ ಅಂದರೆ ಕೇಳಲಿಲ್ಲ. ಚಂಡೆಯವರು ಸುಮ್ನೆ ಒಂದು ಉರುಳಿಕೆ ಬಿಟ್ಟರು. ಅವನೇ ಓಡಿ ಬಂದು ಆ ಎರಡೂ ಮೈಕು ಕಿತ್ತು ಮದ್ದಳೆಯ ಎರಡೂ ಬದಿಗೆ ತಂದಿಟ್ಟ.

ಆಟಕ್ಕೆ ಮೊದಲು ಅಲ್ಲಿ ಒಬ್ಬರು ಬಂದು, ಇದು ಇಲ್ಲಿನ ಮೂಲನಿವಾಸಿಗಳಾದ ಕೌರ್ನಾ ಜನರ ನೆಲ, ಅವರನ್ನು ನೆನೆಯುತ್ತೇವೆ ಅಂತ ಹೇಳುತ್ತಾರೆ. ಆಮೇಲೆ ನಮ್ಮ ಗಣಪತಿ ಸ್ತುತಿ. ಒಂದರ ಬೆನ್ನಿಗೆ ಇನ್ನೊಂದು ಹೊಂದಿಕೊಂಡೇ ಬಂತು.

ದುಡ್ಡಿನ ಲೆಕ್ಕ ಕೇಳುವವರಿಗೆ: ನಾಲ್ಕು ಆಟದ ಟಿಕೆಟ್ ಹಣದಲ್ಲಿ ನೋಂದಣಿ ಮತ್ತು ಜಾಗದ ಬಾಡಿಗೆ ಹುಟ್ಟಿತು. ವಿಮಾನದ ಖರ್ಚು ಅಡಿಕೆಯಿಂದ ಹೋಯಿತು. ಎತ್ತರದ ಶ್ರುತಿಯ ಮದ್ದಳೆಯ ಕರ್ಣೆ ಒಣಗಿ ಅಂಚಲ್ಲಿ ಬಿರುಕು ಬಿಟ್ಟಿತ್ತು, ಊರಿಗೆ ಬಂದವನೇ ಹೊಸ ಮುಚ್ಚಿಗೆಗೆ ಕೊಟ್ಟಿದ್ದೇನೆ. ಮಳೆ ಹಿಡಿಯುವ ಮೊದಲು ಕೊಡುತ್ತೇನೆ ಅಂದಿದ್ದಾರೆ.