ನನ್ನ ಹೆಸರಿನ ಇನ್ನೊಬ್ಬರು

ಶಿರಸಿ ಕಡೆ ಮದುವೆಮನೆಯಲ್ಲಿ 'ಗಣಪತಿ ಹೆಗಡೇರೇ' ಅಂತ ಕೂಗಿ ನೋಡಿ, ನಾಲ್ಕು ಜನ ತಿರುಗುತ್ತಾರೆ. ಅದರಲ್ಲಿ ನಾನೂ ಒಬ್ಬ. ಹುಬ್ಬಳ್ಳಿಯ ಫೈನಾನ್ಸ್ ಕಂಪನಿಯೊಂದರ ಕೆಲಸ ಕೈತಪ್ಪುವ ಹಂತಕ್ಕೆ ಬರುವವರೆಗೆ ಅದು ಬರೀ ತಮಾಷೆಯಾಗಿತ್ತು.

ಆಫರ್ ಲೆಟರ್ ಬಂದು ವಾರಕ್ಕೆ ಎಚ್‌ಆರ್ ಮೇಡಂ ಫೋನ್ ಮಾಡಿದರು. "ಸರ್, ನಿಮ್ಮ ಮೇಲೆ ಚೆಕ್ ಬೌನ್ಸ್ ಕೇಸ್ ಇದೆಯಂತಲ್ಲ? ಕ್ರೆಡಿಟ್ ರಿಪೋರ್ಟಲ್ಲಿ ರಿಟನ್ ಆಫ್ ಸಾಲಾನೂ ಇದೆ." ರಿಟನ್ ಆಫ್ ಅಂದರೆ ವಾಪಸ್ ಬರಲ್ಲ ಅಂತ ಸಾಲ ಕೊಟ್ಟವರು ಲೆಕ್ಕದಿಂದ ತೆಗೆದದ್ದು. ನಮ್ಮ ಸಾಲಗಳ ಚರಿತ್ರೆ ಇರುವ ಆ ರಿಪೋರ್ಟನ್ನು ಅವರು ಕೇಳಿದ್ದಕ್ಕೆ ನಾನೇ ಡೌನ್‌ಲೋಡ್ ಮಾಡಿ ಕಳಿಸಿದ್ದೆ. ಓದಿರಲಿಲ್ಲ! ನನ್ನ ಹೆಸರಲ್ಲಿ ಇದ್ದದ್ದು ಒಂದು ಬೈಕ್ ಲೋನ್ ಮಾತ್ರ.

ಜಗಳ ಮಾಡಲಿಲ್ಲ. ಕೇಸ್ ನಂಬರ್ ಕೊಡಿ ಅಂತ ಮೇಲ್ ಹಾಕಿದೆ, ಕೊಟ್ಟರು. ಕೋರ್ಟ್ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ತೆಗೆದು ನೋಡಿದರೆ ಆರೋಪಿ 'ಗಣಪತಿ ಹೆಗಡೆ', ಅಷ್ಟೇ. ತಂದೆ ಹೆಸರಿಲ್ಲ, ವಯಸ್ಸಿಲ್ಲ. ಪರಿಚಯದ ವಕೀಲರ ಮೂಲಕ ಕೋರ್ಟಿನಲ್ಲಿ ದೂರಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿದೆ. ಕೇಸಿಗೆ ಸಂಬಂಧ ಇಲ್ಲದವರು ಕಾರಣ ಬರೆಯಬೇಕು. 'ಆ ಮನುಷ್ಯ ನಾನಲ್ಲ ಎಂದು ತೋರಿಸಲು' ಅಂತ ಬರೆದೆವು. ನಕಲು ಕೈಗೆ ಬಂತು: ತಂದೆ ರಾಮಚಂದ್ರ, ವಯಸ್ಸು 52. ನಮ್ಮಪ್ಪ ಸುಬ್ರಾಯ, ನನಗೆ 29. ಆ ಹಾಳೆ, ನನ್ನ ಆಧಾರ್, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಪಡೆದ ಪೊಲೀಸ್ ವೆರಿಫಿಕೇಶನ್ ಪತ್ರ, ಮೂರನ್ನೂ ಒಟ್ಟಿಗೆ ಕಳಿಸಿದೆ.

ಸಾಲದ್ದು ಬೇರೆ ದಾರಿ. ಕ್ರೆಡಿಟ್ ರಿಪೋರ್ಟಿಗೆ ನಾವೆಲ್ಲ ಸಿಬಿಲ್ ಅಂದುಬಿಡುತ್ತೇವೆ. ಆದರೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಸೇರಿ ಇಂಥ ರಿಪೋರ್ಟ್ ಕೊಡುವ ಒಟ್ಟು ನಾಲ್ಕು ಕಂಪನಿಗಳಿವೆ. 2017ರಿಂದ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ನಾಲ್ಕನ್ನೂ ತೆಗೆದೆ. ತಪ್ಪಿದ್ದದ್ದು ಒಂದರಲ್ಲಿ. ಆ ಸಾಲದ ಕೆಳಗಿದ್ದ ಮೊಬೈಲ್ ನಂಬರೂ ವಿಳಾಸವೂ ನನ್ನದಲ್ಲ. 'ಈ ಖಾತೆ ನನ್ನದಲ್ಲ' ಅಂತ ಆನ್‌ಲೈನ್‌ನಲ್ಲೇ ತಕರಾರು ಹಾಕಿದೆ. ಸಾಲ ಕೊಟ್ಟವರು ಒಪ್ಪದೆ ರಿಪೋರ್ಟ್ ಕಂಪನಿ ತಾನಾಗಿ ತಿದ್ದುವುದಿಲ್ಲ. ಹಾಗಾಗಿ ಅವರಿಗೂ ಅದೇ ದಿನ ಮೇಲ್ ಮಾಡಿದೆ.

ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿಟ್ಟೆ. 30 ದಿನದೊಳಗೆ ಬಗೆಹರಿಸದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, 2024ರ ಏಪ್ರಿಲ್ 26ರಿಂದ ರಿಸರ್ವ್ ಬ್ಯಾಂಕಿನ ನಿಯಮ. 31ನೇ ದಿನ ಅದನ್ನೇ ನೆನಪಿಸಿ ಬರೆದೆ. ಆಗಲೂ ಆಗದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗುವವನಿದ್ದೆ, ಅಲ್ಲಿ ಶುಲ್ಕವಿಲ್ಲ. 37ನೇ ದಿನ ಸಾಲ ಅಳಿಸಿತು. ಸ್ವಲ್ಪ ದಿನದಲ್ಲಿ ಏಳುನೂರು ರೂಪಾಯಿಯೂ ಬಂತು.

ಕೆಲಸದ ಕಡೆ ಇಂಥ ಗಟ್ಟಿ ಹಿಡಿತ ನಮಗಿಲ್ಲ. ಅಮೆರಿಕದಲ್ಲಿ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯಿದೆ ಇದೆ. ಅಲ್ಲಿ ಇಂಥ ರಿಪೋರ್ಟ್ ನೋಡಿ ಕೆಲಸ ನಿರಾಕರಿಸುವ ಮೊದಲೇ ಅದರ ಪ್ರತಿಯನ್ನು ಅಭ್ಯರ್ಥಿಗೆ ಕೊಡಬೇಕು. ನನಗೆ ಆ ಮೇಡಂ ಸುಮ್ನೆ ಫೈಲ್ ಮುಚ್ಚದೆ ಫೋನ್ ಮಾಡಿದ್ದೇ ದೊಡ್ಡ ಪುಣ್ಯ.

ಒಂದೂವರೆ ತಿಂಗಳು ತಡವಾಗಿ ಕೆಲಸಕ್ಕೆ ಸೇರಿದೆ. ಆ ಇನ್ನೊಬ್ಬರ ಕೇಸ್ ಇನ್ನೂ ನಡೆಯುತ್ತಿದೆ. ಅವರ ಮುಂದಿನ ತಾರೀಕು ಯಾವಾಗ ಅಂತ ನನಗೂ ಗೊತ್ತು.