64 ಬಿಟ್ ಆರ್ಮ್ ಲಿನಕ್ಸ್‌ಗೆ ಕ್ರಾಸ್ ಕಂಪೈಲರ್ ಕಟ್ಟುವ ಕ್ರಮ

ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಕೂತು ರಾಸ್ಪ್‌ಬೆರಿ ಪೈನಂಥ ಬೋರ್ಡಿಗೆ ಪ್ರೋಗ್ರಾಂ ಕಂಪೈಲ್ ಮಾಡಲು ಕ್ರಾಸ್ ಕಂಪೈಲರ್, ಅಂದರೆ ಒಂದು ಬಗೆಯ ಪ್ರೊಸೆಸರಿನಲ್ಲಿ ಓಡಿ ಇನ್ನೊಂದಕ್ಕೆ ಕೋಡ್ ತಯಾರಿಸುವ ಕಂಪೈಲರ್ ಬೇಕು. ಅದನ್ನು ಕಟ್ಟುವುದೆಂದರೆ ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಪ್ರಶ್ನೆ: ಜಿಸಿಸಿ (ಕಂಪೈಲರ್) ಪೂರ್ತಿಯಾಗಲು ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಬೇಕು, ಜಿಲಿಬ್‌ಸಿ ಕಂಪೈಲ್ ಆಗಲು ಜಿಸಿಸಿ ಬೇಕು. ಹಾಗಾಗಿ ಎರಡನ್ನೂ ಕಂತಿನಲ್ಲೇ ಮುಗಿಸಬೇಕು.

ಮೊದಲು ಜಿ++, ಮೇಕ್, ಬೈಸನ್, ಫ್ಲೆಕ್ಸ್, ಗಾಕ್, ಟೆಕ್ಸ್‌ಇನ್ಫೋ, ಪೈಥಾನ್ 3, ಆರ್‌ಸಿಂಕ್ ಹಾಕಿಕೊಳ್ಳಿ. ಜಿಸಿಸಿಗೆ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಗಣಿತದ ಲೈಬ್ರರಿಗಳು ಕೂಡ ಬೇಕು. ಅದರದೇ ‘ಡೌನ್‌ಲೋಡ್ ಪ್ರಿರಿಕ್ವಿಸಿಟ್ಸ್’ ಸ್ಕ್ರಿಪ್ಟ್ ಅವನ್ನು ತರುತ್ತದೆ. ಬಿಲ್ಡ್ ಯಾವಾಗಲೂ ಬೇರೆ ಫೋಲ್ಡರಿನಲ್ಲಿರಲಿ, ಸೋರ್ಸ್ ಒಳಗೆ ಬೇಡ. ಇನ್‌ಸ್ಟಾಲ್ ಆಗುವ ಜಾಗ, ಅಂದರೆ ಪ್ರಿಫಿಕ್ಸ್, ನಿಮ್ಮ ಖಾತೆಗೇ ಬರೆಯುವ ಅನುಮತಿಯಿರುವ ಫೋಲ್ಡರ್ ಆಗಿರಲಿ. ಇಲ್ಲಿ ಸುಡೋ (ನಿರ್ವಾಹಕರ ಅಧಿಕಾರದಲ್ಲಿ ಓಡಿಸುವ ಆಜ್ಞೆ) ಬಳಸಲೇಬೇಡಿ: ಜಿಲಿಬ್‌ಸಿಗೆ ಪ್ರಿಫಿಕ್ಸ್ ತಪ್ಪಾಗಿ ಕೊಟ್ಟು ಸುಡೋದಲ್ಲಿ ಇನ್‌ಸ್ಟಾಲ್ ಮಾಡಿದರೆ ಲ್ಯಾಪ್‌ಟಾಪಿನ ಸ್ವಂತ ಲೈಬ್ರರಿಯೇ ಹಾಳಾಗಿ, ಫೈಲ್ ಪಟ್ಟಿ ತೋರಿಸುವ ‘ಎಲ್‌ಎಸ್’ ಕೂಡ ಓಡದೇ ಹೋಗಬಹುದು.

ಶುರು ಅಸೆಂಬ್ಲರ್, ಲಿಂಕರ್ ಇರುವ ಬಿನ್‌ಯುಟಿಲ್ಸ್‌ನಿಂದ. ಟಾರ್ಗೆಟ್, ಅಂದರೆ ಕೋಡ್ ಓಡಬೇಕಾದ ಯಂತ್ರ, ‘ಎಆರ್ಚ್64-ಲಿನಕ್ಸ್-ಗ್ನು’ (aarch64-linux-gnu). ಮುಗಿದೊಡನೆ ಪ್ರಿಫಿಕ್ಸಿನ ಬಿನ್ ಫೋಲ್ಡರನ್ನು ಪಾಥ್‌ನ (ಆಜ್ಞೆಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಮುಂದಕ್ಕೆ ಸೇರಿಸಿ. ಇದನ್ನು ಮರೆತರೆ ಮುಂದಿನ ಹಂತಗಳಿಗೆ ಆರ್ಮ್‌ನ ಅಸೆಂಬ್ಲರ್ ಸಿಗುವುದಿಲ್ಲ. ನಂತರ ಲಿನಕ್ಸ್ ಕರ್ನಲ್ ಸೋರ್ಸಿನಲ್ಲಿ ‘ಮೇಕ್ ಹೆಡರ್ಸ್_ಇನ್‌ಸ್ಟಾಲ್’ (make headers_install). ಇಲ್ಲಿ ‘ಆರ್ಚ್’ (ARCH) ಎಂಬ ಆಯ್ಕೆಯ ಬೆಲೆ ‘ಆರ್ಮ್64’, ಏಕೆಂದರೆ ಕರ್ನಲ್ ಇದೇ ಪ್ರೊಸೆಸರನ್ನು ಬೇರೆ ಹೆಸರಿನಿಂದ ಕರೆಯುತ್ತದೆ.

ಈಗ ಜಿಸಿಸಿಯ ಮೊದಲ ಕಂತು: ‘ಮೇಕ್ ಆಲ್-ಜಿಸಿಸಿ’, ‘ಮೇಕ್ ಇನ್‌ಸ್ಟಾಲ್-ಜಿಸಿಸಿ’ ಅಷ್ಟೇ. ಬರೀ ‘ಮೇಕ್’ ಎಂದರೆ ಅದು ಲಿಬ್‌ಜಿಸಿಸಿಗೂ (ಜಿಸಿಸಿಯ ಸಹಾಯಕ ಲೈಬ್ರರಿ) ಕೈಹಾಕಿ, ಸಿ ಹೆಡರ್ ಸಿಗದೆ ನಿಂತುಬಿಡುತ್ತದೆ.

ನಾಜೂಕಾದ ಭಾಗ ಜಿಲಿಬ್‌ಸಿಯ ಮೊದಲ ಕಂತು. ಕಾನ್ಫಿಗರ್‌ನಲ್ಲಿ ‘ಹೋಸ್ಟ್’ ಎಂದರೆ ನಿಮ್ಮ ಲ್ಯಾಪ್‌ಟಾಪ್ ಅಲ್ಲ, ಆರ್ಮ್ ಯಂತ್ರ; ಲ್ಯಾಪ್‌ಟಾಪಿಗೆ ಇಲ್ಲಿ ‘ಬಿಲ್ಡ್’ ಎಂದು ಹೆಸರು. ಇಲ್ಲಿ ಹೆಡರ್‌ಗಳನ್ನೂ ಪ್ರೋಗ್ರಾಂ ಶುರುವಾಗಲು ಬೇಕಾದ ಸಿಆರ್‌ಟಿ1, ಸಿಆರ್‌ಟಿಐ, ಸಿಆರ್‌ಟಿಎನ್ ಎಂಬ ಮೂರು ಆಬ್ಜೆಕ್ಟ್ ಫೈಲ್‌ಗಳನ್ನೂ ಮಾತ್ರ ಹಾಕಿ. ಜೊತೆಗೆ ಖಾಲಿ ‘ಸ್ಟಬ್ಸ್’ ಹೆಡರ್ ಒಂದು, ಖಾಲಿ ‘ಲಿಬ್‌ಸಿ ಡಾಟ್ ಎಸ್‌ಒ’ ಒಂದು. ಇವು ಕಂಪೈಲರ್, ಲಿಂಕರ್ ತಡೆಯದಿರಲಿ ಎಂದು ಇಡುವ ತಾತ್ಕಾಲಿಕ ಫೈಲ್‌ಗಳು. ಅಸಲಿ ಜಿಲಿಬ್‌ಸಿ ಇನ್‌ಸ್ಟಾಲ್ ಆದಾಗ ಇವುಗಳ ಜಾಗಕ್ಕೆ ಅದರವೇ ಬರುತ್ತವೆ. ‘ಸಿಆರ್‌ಟಿಐ ಸಿಗಲಿಲ್ಲ’ ಎಂಬ ದೂರು ಬಂದರೆ ಈ ಹಂತ ತಪ್ಪಿದೆ ಎಂದೇ ಅರ್ಥ.

ಆಮೇಲೆ ಜಿಸಿಸಿ ಫೋಲ್ಡರಿಗೆ ಮರಳಿ ‘ಆಲ್-ಟಾರ್ಗೆಟ್-ಲಿಬ್‌ಜಿಸಿಸಿ’ ಕಟ್ಟಿ ಇನ್‌ಸ್ಟಾಲ್ ಮಾಡಿ, ಜಿಲಿಬ್‌ಸಿ ಪೂರ್ತಿ ಮುಗಿಸಿ, ಕೊನೆಗೆ ಜಿಸಿಸಿಯಲ್ಲಿ ಬರೀ ‘ಮೇಕ್’. ಸಿ++ ಲೈಬ್ರರಿ ಆಗ ಬರುತ್ತದೆ. ನಡುವೆ ‘ಕಿಲ್ಡ್’ ಎಂದು ಬಿದ್ದರೆ ಸಾಮಾನ್ಯವಾಗಿ ರ‍್ಯಾಮ್ ಸಾಲಲಿಲ್ಲ ಎಂದರ್ಥ. ಮೇಕ್‌ಗೆ ಕೊಟ್ಟ ‘-ಜೆ8’ (ಏಕಕಾಲಕ್ಕೆ ಎಂಟು ಕೆಲಸ) ಇದ್ದದ್ದನ್ನು ‘-ಜೆ2’ಕ್ಕೆ ಇಳಿಸಿ.

ಚಿಕ್ಕ ಪ್ರೋಗ್ರಾಂ ಕಂಪೈಲ್ ಮಾಡಿ ‘ಫೈಲ್’ ಆಜ್ಞೆ ಕೊಡಿ. ‘ಆರ್ಮ್ ಎಆರ್ಚ್64’ (ARM aarch64) ಎಂದು ಬರಬೇಕು. ಬೋರ್ಡಿನಲ್ಲಿ ‘ಜಿಲಿಬ್‌ಸಿ ವರ್ಷನ್ ಸಿಗಲಿಲ್ಲ’ ಎಂದರೆ ನೀವು ಕಟ್ಟಿದ್ದು ಬೋರ್ಡಿನದಕ್ಕಿಂತ ಹೊಸದು. ಡೌನ್‌ಲೋಡ್‌ಗೆ ಮೊದಲೇ ಬೋರ್ಡಿನಲ್ಲಿ ‘ಎಲ್‌ಡಿಡಿ --ವರ್ಷನ್’ ನೋಡಿ, ಅದೇ ಆವೃತ್ತಿ ಇಳಿಸಿಕೊಳ್ಳಿ.